ಆಗಲ್ಲ ಅನ್ನೋದನ್ನ ಬರೆದು ಕೊಡಿ

ಫಸ್ಟ್ ಸೆಮ್ ಶುರುವಾಗಿ ಎರಡು ವಾರ ಆಗಿತ್ತು. ಹಾಸ್ಟೆಲ್ ರೂಮಿನಲ್ಲಿ ನಾವು ಮೂರು ಜನ. ಶನಿವಾರ ರಾತ್ರಿ ಬಿರಿಯಾನಿ ತರಿಸಿದ್ವಿ. ದುಡ್ಡು ಹಂಚಿಕೊಳ್ಳುವಾಗ ಕಲ್ಯದವನು ಜೇಬಿನಿಂದ ನೂರರ ಎರಡು ನೋಟು ತೆಗೆದು ಹಾಸಿಗೆ ಮೇಲಿಟ್ಟ. "ಫೋನ್‌ಪೇ ಮಾಡೋ ಮಗಾ, ಈ ಹೊತ್ತಲ್ಲಿ ಚಿಲ್ಲರೆ ಎಲ್ಲಿಂದ ತರೋದು" ಅಂದ್ವಿ. "ಇಲ್ಲ ಕಣ್ರೋ" ಅಂದ. ಆಪ್ ಹಾಕ್ಕೊಂಡಿಲ್ಲ ಅಂತಿದ್ದಾನೆ ಅಂದುಕೊಂಡ್ವಿ. ಅವನ ಹತ್ತಿರ ಅಕೌಂಟೇ ಇಲ್ಲ ಅಂತ ಗೊತ್ತಾಗಿದ್ದು ಊಟ ಮುಗಿದ ಮೇಲೆ.

ಈ ಲೇಖನದಲ್ಲಿ ‘ನಾವು’ ಅಂದ್ರೆ ಹೆಚ್ಚಾಗಿ ಉಳಿದ ಇಬ್ಬರು. ಇಬ್ಬರೂ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ನಮ್ಮ ಅಕೌಂಟುಗಳನ್ನ ಅಪ್ಪಂದಿರು ನಾವು ಹೈಸ್ಕೂಲಲ್ಲಿದ್ದಾಗಲೇ ಮಾಡಿಸಿಟ್ಟಿದ್ರು. ಯಾವ ಫಾರ್ಮಿಗೆ ಸೈನ್ ಹಾಕಿದ್ವಿ ಅನ್ನೋದೂ ನಮಗೆ ನೆನಪಿಲ್ಲ. ಕಲ್ಯದವನು ಈ ಬರಹವನ್ನ ಓದಿ, ಎರಡು ಕಡೆ ತಿದ್ದಿ, ಹೆಸರು ಬೇಡ ಅಂದ ಮೇಲೆ ಕಳಿಸ್ತಾ ಇದ್ದೀವಿ.

ಕಲ್ಯ ಇರೋದು ಮಾಗಡಿ ತಾಲ್ಲೂಕಿನಲ್ಲಿ. 2025ರಲ್ಲಿ ಸರ್ಕಾರ ಬೆಂಗಳೂರು ದಕ್ಷಿಣ ಅಂತ ಹೆಸರು ಬದಲಿಸಿದ ರಾಮನಗರ ಜಿಲ್ಲೆ. ಅವರ ಮನೆಯಲ್ಲಿ ಅವ್ವ, ಅಜ್ಜಿ, ಅವನು, ತಂಗಿ. ಎರಡು ಹಸು, ಒಂದಿಷ್ಟು ರಾಗಿ ಹೊಲ. ಹಾಲಿನ ದುಡ್ಡು ಅವ್ವನ ಅಕೌಂಟಿಗೆ ಬರುತ್ತೆ. ಅಪ್ಪ ಮನೆ ಬಿಟ್ಟು ಹೋಗಿ ಆರು ವರ್ಷ ಆಗಿತ್ತು. ಇದನ್ನ ಅವನು ಆ ರಾತ್ರಿ ಹೇಳಲಿಲ್ಲ. "ಯಾಕೋ ಅಕೌಂಟ್ ಮಾಡಿಸಿಲ್ಲ?" ಅಂತ ಕೇಳಿದ್ದಕ್ಕೆ "ಕೊಡಲ್ಲ ಅಂದ್ರು" ಅಂತಷ್ಟೇ ಅಂದ. ನಾವು ನಕ್ಕುಬಿಟ್ವಿ. ದಿನಾ ಕಾಲ್ ಮಾಡಿ ಅಕೌಂಟ್ ತಗೊಳ್ಳಿ, ಕಾರ್ಡ್ ತಗೊಳ್ಳಿ ಅಂತ ಪೀಡಿಸೋ ಬ್ಯಾಂಕು ಯಾರಿಗಾದ್ರೂ ಕೊಡಲ್ಲ ಅನ್ನುತ್ತಾ?

ಅಂದಿತ್ತು. ಅದೂ ಮೂರು ಸಲ. ಮೊದಲನೇ ಸಲ ಎಸ್ಸೆಸ್ಸೆಲ್ಸಿ ಆದಮೇಲೆ ಅವ್ವನ ಜೊತೆ ಹೋದಾಗ "ಮೈನರ್ ಅಲ್ವಾ, ಅಪ್ಪನ್ನ ಕರ್ಕೊಂಡು ಬಾ" ಅಂದ್ರು. ಎರಡನೇ ಸಲ, ನಮ್ಮ ಕಾಲೇಜಿಗೆ ಸೇರಿದ ಮೇಲೆ ಇಲ್ಲೇ ಹತ್ತಿರದ ಒಂದು ಶಾಖೆಗೆ ಹೋದ. "ಆಧಾರ್‌ನಲ್ಲಿ ಹಳ್ಳಿ ಅಡ್ರೆಸ್ ಇದೆಯಲ್ಲಪ್ಪ, ನಿಮ್ಮೂರಲ್ಲೇ ಮಾಡ್ಸು" ಅಂದ್ರು. ಆ ವಾರಾಂತ್ಯಕ್ಕೆ ಊರಿಗೆ ಹೋದವನು ಅಲ್ಲಿ ಕೇಳಿದ. "ಓದ್ತಾ ಇರೋದು ಬೆಂಗಳೂರಲ್ಲಿ, ಇಲ್ಲಿ ಯಾಕೆ? ಹದಿನೆಂಟು ತುಂಬಲಿ, ಅಲ್ಲೇ ಮಾಡಿಸ್ಕೋ" ಅಂದ್ರು. ಆಗ ಅವನಿಗೆ ಹದಿನೇಳು ವರ್ಷ ಹತ್ತು ತಿಂಗಳು. ಮೂರು ಸಲವೂ ಬಾಯಿಮಾತಲ್ಲೇ ಮುಗೀತು. ಫಾರ್ಮನ್ನ ಯಾರೂ ಕೈಗೆ ತಗೊಳ್ಳಲಿಲ್ಲ, ಹಾಗಾಗಿ ಅವನು ಬಂದು ಹೋಗಿದ್ದಕ್ಕೆ ಎಲ್ಲೂ ಒಂದು ಗುರುತೂ ಇಲ್ಲ.

ಇದರಿಂದ ಏನಾಯ್ತು ಅಂತ ಹೇಳ್ತೀವಿ. ನಮ್ಮಲ್ಲಿ ಬಹಳ ಜನ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಸ್ಕಾಲರ್‌ಶಿಪ್ ಹಾಕಿದ್ದೀವಿ. ಆ ದುಡ್ಡು ಬರೋದು ವಿದ್ಯಾರ್ಥಿಯ ಆಧಾರ್‌ಗೆ ಜೋಡಣೆಯಾದ ಅಕೌಂಟಿಗೆ. ಒಂದು ಆಧಾರ್‌ಗೆ ಒಂದು ಸಮಯದಲ್ಲಿ ಎನ್‌ಪಿಸಿಐ ಲೆಕ್ಕದಲ್ಲಿ ಒಂದೇ ಬ್ಯಾಂಕು ಜೋಡಣೆ ಆಗಿರುತ್ತೆ, ಸರ್ಕಾರದ ಹಣ ನೇರ ಅಲ್ಲಿಗೆ ಹೋಗುತ್ತೆ. ಅವ್ವನ ಅಕೌಂಟು ಕೊಡ್ತೀನಿ, ಮಾವನ ಅಕೌಂಟು ಕೊಡ್ತೀನಿ ಅಂದ್ರೆ ನಡೆಯಲ್ಲ. ಅವನು ಬ್ಯಾಂಕಿಂದ ಬ್ಯಾಂಕಿಗೆ ಓಡಾಡೋದರಲ್ಲಿ ಆ ವರ್ಷದ ದುಡ್ಡು ಕೈತಪ್ಪಿತು.

ಹಾಸ್ಟೆಲ್ ಖರ್ಚಿಗೆ ಅಂತ ಅವನು ಶನಿವಾರ, ಭಾನುವಾರ ಮದುವೆ ಮನೆ ಕೇಟರಿಂಗ್‌ಗೆ ಬಡಿಸೋಕೆ ಹೋಗ್ತಿದ್ದ. ಕಾಂಟ್ರಾಕ್ಟರ್ ನಗದು ಕೊಡ್ತಿರಲಿಲ್ಲ, "ನಂಬರ್ ಕಳ್ಸು, ಹಾಕ್ತೀನಿ" ಅನ್ನೋರು. ನಂಬರು ನಮ್ಮದು ಕಳಿಸ್ತಿದ್ದ. ಅಂದ್ರೆ ಮೂರು ತಿಂಗಳು ನಾವೇ ಅವನ ಬ್ಯಾಂಕು. ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಬಂದದ್ದು, ಹೋದದ್ದು ಎಲ್ಲ ಬರೀತಿದ್ದ. ನಮಗೆ ಅದು ತಮಾಷೆ. "ಬಡ್ಡಿ ಕೊಡಲ್ಲ ನೋಡು" ಅಂತ ರೇಗಿಸ್ತಿದ್ವಿ.

ಈಗ ನಾಚಿಕೆಯ ಭಾಗ. ಡಿಸೆಂಬರ್‌ನಲ್ಲಿ ಅವನ ಲೆಕ್ಕದಲ್ಲಿ 2,400 ರೂಪಾಯಿ ಇತ್ತು. ಅಜ್ಜಿಗೆ ಕಣ್ಣಿನ ಆಪರೇಶನ್ ಅಂತ ಊರಿಂದ ಫೋನ್ ಬಂತು. "ನಂದು ಎಷ್ಟಿದೆಯೋ ಅಷ್ಟೂ ಡ್ರಾ ಮಾಡಿ ಕೊಡ್ರೋ" ಅಂದ. ಅಕೌಂಟಿನಲ್ಲಿ 310 ರೂಪಾಯಿ ಇತ್ತು. ಉಳಿದದ್ದು ಒಂದು ಸಂಜೆ ಕೋರಮಂಗಲದಲ್ಲಿ ಖರ್ಚಾಗಿತ್ತು, ಮುಂದಿನ ವಾರ ಮನೆಯಿಂದ ಬಂದಾಗ ತುಂಬಿಸಿದರಾಯ್ತು ಅನ್ನೋ ಲೆಕ್ಕದಲ್ಲಿ. ನಮ್ಮಿಬ್ಬರಲ್ಲಿ ಯಾರು ಅಂತ ಬರೆಯಲ್ಲ. ಇನ್ನೊಬ್ಬನಿಗೂ ಗೊತ್ತಿತ್ತು, ಅವನೂ ಸುಮ್ಮನಿದ್ದ. ಕಲ್ಯದವನು ಬೈಯಲಿಲ್ಲ. ನೋಟ್‌ಬುಕ್ ತೆಗೆದು ಆ ಪುಟ ನೋಡಿದ, ಮುಚ್ಚಿಟ್ಟ, ಮೆಸ್ಸಿನ ಅಣ್ಣನ ಹತ್ತಿರ ಸಾಲ ಕೇಳೋಕೆ ಹೋದ. ನಾವು ಯಾರ್ಯಾರನ್ನೋ ಕೇಳಿ ಮಾರನೇ ದಿನ ಮಧ್ಯಾಹ್ನ ಕೊಟ್ವಿ. ಅಷ್ಟರಲ್ಲಿ ಅವನು ಬಸ್ ಹತ್ತಿಯಾಗಿತ್ತು.

ಅದೇ ತಿಂಗಳು ಇನ್ನೊಂದು ನಡೀತು. ನಮ್ಮ ಫ್ಲೋರಿಗೆ ಬರ್ತಿದ್ದ ಒಬ್ಬ ಹೊರಗಿನವನು ನಮಗೊಂದು ಆಫರ್ ಕೊಟ್ಟ. ಅಕೌಂಟು, ಎಟಿಎಂ ಕಾರ್ಡು, ಸಿಮ್ಮು ಒಂದು ತಿಂಗಳಿಗೆ ಕೊಟ್ರೆ ಕೈಗೆ ಐದು ಸಾವಿರ. "ಗೇಮಿಂಗ್ ಕಂಪನಿ ದುಡ್ಡು, ಸುಮ್ನೆ ಬಂದು ಹೋಗುತ್ತೆ" ಅಂದ. ಸಾಲ ತೀರಿಸಬೇಕಿತ್ತಲ್ಲ, ನಾವು ಒಂದು ದಿನ ಯೋಚನೆ ಮಾಡಿದ್ದು ನಿಜ. ಬೇಡ ಅಂತ ತಡೆದಿದ್ದು ಕಲ್ಯದವನೇ. "ನಂಗೆ ಮೂರು ಸಲ ಕೇಳಿದ್ರೂ ಸಿಗದೇ ಇರೋದನ್ನ ನೀವು ಬಾಡಿಗೆಗೆ ಕೊಡ್ತೀರಾ?" ಅಂದ.

ಇಂಥ ಅಕೌಂಟಿಗೆ ಮ್ಯೂಲ್ ಅಕೌಂಟ್ ಅಂತಾರೆ. ಆನ್‌ಲೈನ್ ವಂಚನೆಯಲ್ಲಿ ಯಾರೋ ಕಳಕೊಂಡ ದುಡ್ಡು ಇವುಗಳ ಮೂಲಕ ಹಾದುಹೋಗುತ್ತೆ. ಕಳಕೊಂಡವರು 1930ಕ್ಕೆ ಫೋನ್ ಮಾಡಿದ್ರೆ ದುಡ್ಡು ಹೋದ ದಾರಿಯ ಅಕೌಂಟುಗಳನ್ನ ತಡೆಹಿಡೀತಾರೆ, ಪೊಲೀಸರು ಮೊದಲು ಹುಡುಕಿ ಬರೋದು ಅಕೌಂಟಿನಲ್ಲಿ ಯಾರ ಹೆಸರಿದೆಯೋ ಅವರನ್ನ. ಇಂಥವನ್ನ ಹಿಡಿಯೋಕೆ ಅಂತಲೇ ಬೆಂಗಳೂರಿನಲ್ಲಿರೋ ರಿಸರ್ವ್ ಬ್ಯಾಂಕ್ ಇನ್ನೊವೇಶನ್ ಹಬ್ ‘ಮ್ಯೂಲ್ ಹಂಟರ್’ ಅನ್ನೋ ಎಐ ಮಾಡೆಲ್ ಮಾಡಿದೆ. ಎಂಎಲ್ ಪ್ರಾಜೆಕ್ಟಿಗೆ ಐಡಿಯಾ ಹುಡುಕ್ತಾ ಇರೋರು ನೋಡಬಹುದು. ಕೌಂಟರಿನವರು ಹುಡುಗರ ಮುಖ ನೋಡಿದ ಕೂಡಲೇ ಅನುಮಾನ ಪಡೋದಕ್ಕೆ ಇದೂ ಒಂದು ಕಾರಣ ಅಂತ ನಮಗೆ ಆಮೇಲೆ ಅರ್ಥ ಆಯ್ತು. ಅವರದ್ದು ಪೂರ್ತಿ ತಪ್ಪು ಅನ್ನೋಕೆ ಆಗಲ್ಲ. ಆದ್ರೆ ಬಾಡಿಗೆಗೆ ಕೊಡೋಕೆ ಹೊರಟ ನಮ್ಮ ಹತ್ತಿರ ಅಕೌಂಟ್ ಇತ್ತು, ಬೇಡ ಅಂದವನ ಹತ್ತಿರ ಇರಲಿಲ್ಲ.

ಆ ರಾತ್ರಿಯಿಂದ ನಾವು ನಿಯಮ ಓದೋಕೆ ಕೂತ್ವಿ. ತಪ್ಪು ಮಾಡಿದ್ದಕ್ಕೆ ಏನಾದ್ರೂ ಮಾಡಬೇಕಿತ್ತು, ನಮಗೆ ಬರೋದು ಇಂಗ್ಲಿಷ್ ಓದೋದು. ರಿಸರ್ವ್ ಬ್ಯಾಂಕಿನ ಸುತ್ತೋಲೆಗಳೂ ಇಂಗ್ಲಿಷ್‌ನಲ್ಲೇ ಇವೆ. ಓದ್ತಾ ಹೋದಂಗೆ ಬೇಜಾರು ಜಾಸ್ತಿ ಆಯ್ತು, ಯಾಕಂದ್ರೆ ಅವನಿಗೆ ಹೇಳಿದ ಮೂರು ಕಾರಣಗಳಲ್ಲಿ ಒಂದೂ ನಿಲ್ಲೋ ಹಾಗಿರಲಿಲ್ಲ.

ಮೊದಲು ವಯಸ್ಸು. 2014ರ ಮೇ ತಿಂಗಳಲ್ಲೇ ರಿಸರ್ವ್ ಬ್ಯಾಂಕು, ಹತ್ತು ವರ್ಷ ಮೇಲ್ಪಟ್ಟ ಮಕ್ಕಳು ಬಯಸಿದ್ರೆ ತಾವೇ ಉಳಿತಾಯ ಖಾತೆ ತೆರೆದು ನಡೆಸಬಹುದು ಅಂತ ಹೇಳಿತ್ತು. 2025ರ ಏಪ್ರಿಲ್ 21ರ ಸುತ್ತೋಲೆ ಅದನ್ನೇ ಮತ್ತೆ ಸ್ಪಷ್ಟ ಮಾಡಿ, ಜುಲೈ 1ರ ಒಳಗೆ ಎಲ್ಲ ಬ್ಯಾಂಕುಗಳೂ ತಮ್ಮ ನೀತಿ ಸರಿ ಮಾಡ್ಕೊಳ್ಳಿ ಅಂತು. ಇದರಲ್ಲಿ ಒಂದು ವಿಷಯ ನೇರವಾಗಿ ಹೇಳಬೇಕು: ಯಾವ ವಯಸ್ಸಿಂದ ಒಬ್ಬರೇ ನಡೆಸಬಹುದು, ಎಷ್ಟು ಹಣದವರೆಗೆ, ಎಟಿಎಂ ಕಾರ್ಡು ಕೊಡಬೇಕಾ ಬೇಡವಾ ಅನ್ನೋದನ್ನ ಆಯಾ ಬ್ಯಾಂಕೇ ತೀರ್ಮಾನ ಮಾಡಬಹುದು. ಹಾಗಾಗಿ ಒಂದು ಬ್ಯಾಂಕಲ್ಲಿ ಆಗಿದ್ದು ಇನ್ನೊಂದರಲ್ಲಿ ಆಗದೇ ಇರಬಹುದು. ಆದ್ರೆ ಗಾರ್ಡಿಯನ್ ಜೊತೆಗಾದ್ರೆ ಯಾವ ವಯಸ್ಸಿನ ಮಗುವಿಗೂ ಖಾತೆ ತೆರೆಯಬಹುದು. ಆ ಗಾರ್ಡಿಯನ್ ತಾಯಿಯೂ ಆಗಬಹುದು ಅಂತ ಸುತ್ತೋಲೆ ಬಿಡಿಸಿ ಹೇಳುತ್ತೆ.

ತಾಯಿ ವಿಷಯಕ್ಕೆ ಒಂದು ಕೇಸೇ ಇದೆ. 1984ರಲ್ಲಿ ಲೇಖಕಿ ಗೀತಾ ಹರಿಹರನ್ ತಮ್ಮ ಚಿಕ್ಕ ಮಗನ ಹೆಸರಿನಲ್ಲಿ ರಿಲೀಫ್ ಬಾಂಡ್ ತಗೊಳ್ಳೋಕೆ ಅರ್ಜಿ ಹಾಕಿದ್ರು. ಗಾರ್ಡಿಯನ್ ಅಂತ ತಾಯಿ ಸೈನ್ ಮಾಡಿದ್ದಕ್ಕೆ ಅರ್ಜಿ ವಾಪಸ್ ಬಂತು: ತಂದೆ ಸಹಿ ಬೇಕು, ಇಲ್ಲಾಂದ್ರೆ ತಾಯಿಯೇ ಗಾರ್ಡಿಯನ್ ಅನ್ನೋದಕ್ಕೆ ಅಧಿಕಾರ ಪತ್ರ ಬೇಕು. ವಾಪಸ್ ಕಳಿಸಿದ್ದು ಇದೇ ರಿಸರ್ವ್ ಬ್ಯಾಂಕು. ಕೇಸು ಸುಪ್ರೀಂ ಕೋರ್ಟಿಗೆ ಹೋಗಿ 1999ರ ಫೆಬ್ರವರಿಯಲ್ಲಿ ತೀರ್ಪು ಬಂತು. 1956ರ ಕಾಯ್ದೆಯಲ್ಲಿ ಗಾರ್ಡಿಯನ್ ಯಾರು ಅಂದ್ರೆ ‘ತಂದೆ, ಅವರ ನಂತರ ತಾಯಿ’ ಅಂತಿದೆ. ಈ ‘ನಂತರ’ ಅಂದ್ರೆ ತಂದೆ ಸತ್ತ ನಂತರ ಅಂತಲ್ಲ, ತಂದೆ ಆ ಜವಾಬ್ದಾರಿ ನೋಡ್ಕೊಳ್ಳದೇ ಇರುವಾಗ ಅಂತಲೂ ಅರ್ಥ ಅಂತ ಕೋರ್ಟು ಹೇಳ್ತು. ಒಂದು ಪದದ ಅರ್ಥಕ್ಕೆ ಹದಿನೈದು ವರ್ಷ. ಇದನ್ನ ನಾವು ಕಲ್ಯದವನಿಗೆ ಓದಿ ಹೇಳಿದಾಗಲೇ ಅವನು ಅಪ್ಪನ ವಿಷಯ ನಮಗೆ ಮೊದಲನೇ ಸಲ ಹೇಳಿದ್ದು.

ಇನ್ನು ವಿಳಾಸ. ಆಧಾರ್ ಮೂಲಕ ಗುರುತು ಪರಿಶೀಲನೆ ಆದವರ ಈಗಿನ ವಿಳಾಸ ಬೇರೆ ಇದ್ರೆ, ಅದಕ್ಕೆ ತಾವೇ ಬರೆದುಕೊಟ್ಟ ಘೋಷಣೆ ಸಾಕು. ಹಾಸ್ಟೆಲಿನಲ್ಲಿ ಇರೋರಿಗೆಲ್ಲ ಇದು ಉಪಯೋಗಕ್ಕೆ ಬರುತ್ತೆ. ಆಧಾರ್ ಒಂದೇ ದಾಖಲೆ ಅಂತಲೂ ಇಲ್ಲ. ಪಾಸ್‌ಪೋರ್ಟು, ಡ್ರೈವಿಂಗ್ ಲೈಸೆನ್ಸು, ವೋಟರ್ ಐಡಿ, ನರೇಗಾ ಜಾಬ್ ಕಾರ್ಡು ಕೂಡ ನಡೆಯುತ್ತೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಕಡ್ಡಾಯ ಅಲ್ಲ ಅಂತ 2018ರ ಸೆಪ್ಟೆಂಬರ್ 26ರಂದು ಸುಪ್ರೀಂ ಕೋರ್ಟ್ ಹೇಳಿತ್ತು. ಆ ಕೇಸ್ ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆದ್ರೆ ಸರ್ಕಾರದ ಸ್ಕಾಲರ್‌ಶಿಪ್ ಬೇಕು ಅಂದ್ರೆ ಜೋಡಣೆ ಬೇಕೇ ಬೇಕು, ಅದನ್ನ ಮರೀಬೇಡಿ. ಪ್ಯಾನ್ ಕಾರ್ಡ್ ಇಲ್ಲ ಅಂತ ವಾಪಸ್ ಕಳಿಸಿದ್ರೆ ಫಾರ್ಮ್ 60 ಕೇಳಿ.

ಮಿನಿಮಮ್ ಬ್ಯಾಲೆನ್ಸ್ ಇಡೋಕೆ ಆಗಲ್ಲ ಅಂತ ಹಿಂದೆ ಬಂದವರೂ ನಮ್ಮ ಕ್ಲಾಸಲ್ಲಿ ಇದ್ದಾರೆ. ಅವರು ಕೇಳಬೇಕಾದ್ದು ಬೇಸಿಕ್ ಸೇವಿಂಗ್ಸ್ ಖಾತೆ, ಬಿಎಸ್‌ಬಿಡಿ ಅಂತಾರೆ. 2012ರಿಂದ ಎಲ್ಲ ಬ್ಯಾಂಕಲ್ಲೂ ಇರಲೇಬೇಕು. ಮಿನಿಮಮ್ ಬ್ಯಾಲೆನ್ಸ್ ಇಲ್ಲ, ಎಟಿಎಂ ಕಾರ್ಡಿಗೆ ದುಡ್ಡಿಲ್ಲ, ವಯಸ್ಸೋ ಆದಾಯವೋ ನೋಡಿ ಬ್ಯಾಂಕು ಇದಕ್ಕೆ ನಿರ್ಬಂಧ ಹಾಕೋ ಹಾಗಿಲ್ಲ. ಅದೇ ಬ್ಯಾಂಕಿನಲ್ಲಿ ಇನ್ನೊಂದು ಉಳಿತಾಯ ಖಾತೆ ಮಾತ್ರ ಇರಬಾರದು. 2014ರ ಆಗಸ್ಟ್ 28ಕ್ಕೆ ಶುರುವಾದ ಜನಧನ್ ಖಾತೆಯೂ ಇದೇ ಜಾತಿ. ಯಾವ ದಾಖಲೆಯೂ ಇಲ್ಲದವರಿಗೆ ‘ಸ್ಮಾಲ್ ಅಕೌಂಟ್’ ಅಂತ ಇದೆ: ಫೋಟೊ ಕೊಟ್ಟು, ಅಧಿಕಾರಿ ಎದುರಿಗೆ ಸೈನ್ ಹಾಕಿದ್ರೆ ಆಯ್ತು. ಖಾತೆಯಲ್ಲಿ ಯಾವಾಗಲೂ 50,000 ಮೀರಬಾರದು, ವರ್ಷಕ್ಕೆ ಒಂದು ಲಕ್ಷಕ್ಕಿಂತ ಜಾಸ್ತಿ ಜಮಾ ಆಗಬಾರದು, ತಿಂಗಳಿಗೆ 10,000ಕ್ಕಿಂತ ಜಾಸ್ತಿ ತೆಗೆಯೋ ಹಾಗಿಲ್ಲ. ಮೊದಲು ಒಂದು ವರ್ಷ ನಡೆಯುತ್ತೆ, ಅಷ್ಟರಲ್ಲಿ ದಾಖಲೆಗೆ ಅರ್ಜಿ ಹಾಕಿದ್ರೆ ಇನ್ನೊಂದು ವರ್ಷ.

ಬ್ಯಾಂಕೇ ಬೇಡ ಅಂದ್ರೆ ಪೋಸ್ಟ್ ಆಫೀಸ್ ಇದೆ. ಅಲ್ಲಿ ಹತ್ತು ವರ್ಷ ದಾಟಿದವರು ತಮ್ಮ ಹೆಸರಲ್ಲೇ ಉಳಿತಾಯ ಖಾತೆ ತೆರೀಬಹುದು, 500 ರೂಪಾಯಿ ಇಡಬೇಕು. 2018ರಿಂದ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕೂ ಇದೆ, ಅದಕ್ಕೆ ಮಿನಿಮಮ್ ಬ್ಯಾಲೆನ್ಸ್ ಇಲ್ಲ. ಪೋಸ್ಟ್‌ಮ್ಯಾನ್ ಫೋನು, ಬೆರಳಚ್ಚಿನ ಮಷಿನ್ನು ಹಿಡ್ಕೊಂಡು ಮನೆಗೇ ಬರ್ತಾರೆ.

ಕಲ್ಯದವನಿಗೆ ಕೊನೆಗೆ ಖಾತೆ ಆಗಿದ್ದು ಹೀಗೇ. ಡಿಸೆಂಬರ್‌ನಲ್ಲಿ ಹದಿನೆಂಟು ತುಂಬಿತು, ಜನವರಿಯಲ್ಲಿ ಊರಿಗೆ ಹೋದಾಗ ಪೋಸ್ಟ್‌ಮ್ಯಾನ್ ಜಗಲಿ ಮೇಲೆ ಕೂತು ಮಾಡಿಕೊಟ್ಟು ಹೋದರಂತೆ. "ಹಸು ಹಾಲು ಕರೆಯೋಷ್ಟರಲ್ಲಿ ಆಗೋಯ್ತು" ಅಂದ. ಅಷ್ಟು ಸುಲಭದ್ದಕ್ಕೆ ಅಷ್ಟು ತಿಂಗಳು ಅಲೆದಿದ್ದ. ಆ ವರ್ಷದ ಸ್ಕಾಲರ್‌ಶಿಪ್ ಮಾತ್ರ ಬರಲಿಲ್ಲ, ಇನ್ನು ಬರೋದೂ ಇಲ್ಲ.

ನಮಗೆ ಇಂಜಿನಿಯರ್ಸ್ ಡೇಗೆ ಪ್ರತಿ ವರ್ಷ ವಿಶ್ವೇಶ್ವರಯ್ಯನವರ ಬಗ್ಗೆ ಭಾಷಣ ಇರುತ್ತೆ. ಅವರು ದಿವಾನರಾಗಿದ್ದಾಗ 1913ರಲ್ಲಿ ಮೈಸೂರು ಬ್ಯಾಂಕ್ ಶುರುವಾಯ್ತು. ಅದಕ್ಕೂ ಮುಂಚೆ, 1906ರಲ್ಲಿ ಕೆನರಾ ಬ್ಯಾಂಕು ಮಂಗಳೂರಲ್ಲಿ, ಕಾರ್ಪೊರೇಶನ್ ಬ್ಯಾಂಕು ಉಡುಪಿಯಲ್ಲಿ ಹುಟ್ಟಿದ್ದವು. 1925ರಲ್ಲಿ ಉಡುಪಿಯಲ್ಲೇ ಶುರುವಾದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಅಂತ ಒಂದು ಯೋಜನೆ ತಂತು: ಏಜೆಂಟರು ದಿನಾ ಮನೆ ಬಾಗಿಲಿಗೆ ಬಂದು ಎರಡಾಣೆ ಇಸ್ಕೊಂಡು ಹೋಗ್ತಿದ್ರು. ಎರಡಾಣೆಗೋಸ್ಕರ ಬಾಗಿಲಿಗೆ ಬಂದ ಬ್ಯಾಂಕುಗಳ ನಾಡಿದು. ಇಲ್ಲಿನ ಹುಡುಗ ತಾನೇ ಬಾಗಿಲಿಗೆ ಹೋದ್ರೆ ಮೂರು ಸಲ ವಾಪಸ್.

ಈ ವರ್ಷದ ದಸರಾ ರಜಕ್ಕೆ ಅವನು ನಮ್ಮನ್ನ ಊರಿಗೆ ಕರೆದ. ತಂಗಿಗೆ ಹದಿನಾರು, ಮಾಗಡಿಯಲ್ಲಿ ಫಸ್ಟ್ ಪಿಯುಸಿ. ಅವಳಿಗೂ ಖಾತೆ ಬೇಕಿತ್ತು. ಅವಳಿಗೂ ಒಂದು ಬ್ಯಾಂಕಲ್ಲಿ ಅದೇ ಮಾತು ಬಂದಿತ್ತು, ಅಪ್ಪನ್ನ ಕರ್ಕೊಂಡು ಬಾ. ಅವಳು ಅಣ್ಣನ ಹಾಗೆ ಸುಮ್ಮನೆ ಬಂದಿರಲಿಲ್ಲ, "ಅಪ್ಪ ಎಲ್ಲಿದ್ದಾರೆ ಅಂತ ಗೊತ್ತಾದ್ರೆ ನಮಗೂ ಹೇಳಿ ಸಾರ್" ಅಂದು ಬಂದಿದ್ದಳು. ಪೋಸ್ಟ್‌ಮ್ಯಾನ್ ಹತ್ತಿರ ಮಾಡಿಸೋಣ ಅಂದ್ರೆ ಒಪ್ಪಲಿಲ್ಲ. "ಅವ್ವಂದು ಎಲ್ಲಿದ್ಯೋ ಅಲ್ಲೇ ನಂದೂ ಆಗ್ಬೇಕು. ಯಾಕಾಗಲ್ಲ ಅಂತ ಹೇಳಲಿ" ಅಂದಳು.

ಸಾಯಂಕಾಲ ಗುಡ್ಡದ ಕಡೆ ಹೋದ್ವಿ. ದಾರಿಯಲ್ಲಿ ಅವನು ಊರಿನ ಶಾಸನದ ವಿಷಯ ತೆಗೆದ. ನಮಗೆ ಹಿಸ್ಟರಿ ಅಂದ್ರೆ ಪರೀಕ್ಷೆಗೆ ಉರು ಹೊಡೆದದ್ದು ಅಷ್ಟೇ, ಅದೂ ಇಂಗ್ಲಿಷಲ್ಲಿ. ರಾತ್ರಿ ಕೂತು ಅದರ ಬಗ್ಗೆ ಓದಿದ್ವಿ. 1368ನೇ ಇಸವಿ. ವಿಜಯನಗರದಲ್ಲಿ ಬುಕ್ಕರಾಯ ಆಳ್ತಿದ್ದ ಕಾಲ. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಊರುಗಳ ಜೈನರು, ತಮಗೆ ಭಕ್ತರಿಂದ ಅನ್ಯಾಯ ಆಗ್ತಿದೆ ಅಂತ ರಾಜನ ಹತ್ತಿರ ದೂರು ತಗೊಂಡು ಹೋದರು. ಕಲ್ಲೆಹ ಅಂದ್ರೆ ಈ ಕಲ್ಯವೇ. ರಾಜ ಎರಡೂ ಕಡೆಯವರನ್ನ ಕರೆಸಿ, ಜೈನರ ಕೈಯನ್ನ ಶ್ರೀವೈಷ್ಣವರ ಕೈಯಲ್ಲಿ ಇಟ್ಟು, ಎರಡೂ ದರ್ಶನಕ್ಕೆ ಭೇದ ಇಲ್ಲ ಅಂದ. ಪಂಚಮಹಾವಾದ್ಯ, ಕಲಶ ಮೊದಲಿನ ಹಾಗೆ ಜೈನರಿಗೂ ಸಲ್ಲಬೇಕು ಅಂತ ತೀರ್ಮಾನ ಆಯ್ತು. ಇದನ್ನ ರಾಜ್ಯದ ಬಸದಿಗಳಲ್ಲೆಲ್ಲ ಶಾಸನ ಮಾಡಿ ನಿಲ್ಲಿಸಬೇಕು ಅಂತಲೂ ಆಯ್ತು. ಅದರ ಒಂದು ಪ್ರತಿ ಶ್ರವಣಬೆಳಗೊಳದಲ್ಲಿದೆ, ಇನ್ನೊಂದು ಕಲ್ಯದ್ದು. ಬಿ.ಎಲ್. ರೈಸ್ ಅದನ್ನ ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ಮಾಗಡಿ ತಾಲ್ಲೂಕಿನ 18ನೇ ಶಾಸನವಾಗಿ ಅಚ್ಚು ಹಾಕಿಸಿದ್ದಾರೆ. ಬೆಳಗೊಳದ ಕಾವಲಿಗೆ ಅಂತ ಜೈನರು ಮನೆಗೊಂದು ಹಣ ಕೊಡಬೇಕಿತ್ತು. "ಆಗಲೂ ಸರ್ವಿಸ್ ಚಾರ್ಜ್ ಇತ್ತು ನೋಡ್ರೋ" ಅಂದ ಕಲ್ಯದವನು.

ರಾಜರ ಕಾಲ ಚೆನ್ನಾಗಿತ್ತು ಅಂತ ಹೇಳೋಕೆ ಇದನ್ನ ಬರೀತಾ ಇಲ್ಲ. ನಮಗೆ ತಲೆಯಲ್ಲಿ ಉಳಿದಿದ್ದು ಒಂದೇ: ಅವರು ಬಾಯಿಮಾತು ತಗೊಂಡು ವಾಪಸ್ ಬರಲಿಲ್ಲ. ಬರೆಸ್ಕೊಂಡು ಬಂದ್ರು, ಅದೂ ಊರಿನವರಿಗೆ ಅರ್ಥ ಆಗೋ ಭಾಷೆಯಲ್ಲಿ.

ಅವತ್ತೇ ರಾತ್ರಿ ನಾವು ಸುತ್ತೋಲೆಯ ಸಾರವನ್ನ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆಯೋಕೆ ಕೂತ್ವಿ. ಎರಡು ಗಂಟೆ ಹಿಡೀತು. ಗಾರ್ಡಿಯನ್‌ಗೆ ಪೋಷಕರು ಅನ್ನಬೇಕಾ, ಪಾಲಕರು ಅನ್ನಬೇಕಾ ಅಂತ ನಮ್ಮಿಬ್ಬರಿಗೂ ಗೊತ್ತಿಲ್ಲ. ‘ನ್ಯಾಚುರಲ್ ಗಾರ್ಡಿಯನ್’ ಅನ್ನೋದನ್ನ ‘ನೈಸರ್ಗಿಕ ರಕ್ಷಕ’ ಅಂತ ಬರೆದು ತೋರಿಸಿದ್ವಿ. ತಂಗಿ ಬಿದ್ದು ಬಿದ್ದು ನಕ್ಕಳು, "ಅದೇನು ಕಾಡಿನ ಗಾರ್ಡಾ?" ಅಂತ. ಆಮೇಲೆ ಅವಳೇ ಕೂತು ತಿದ್ದಿದಳು. ಹಾಳೆ ನೆಟ್ಟಗಾಯ್ತು. ಅವ್ವ ಓದಿಸಿ ಕೇಳಿಸ್ಕೊಂಡ್ರು. "ತಾಯಿ ಆದ್ರೂ ಆಯ್ತದೆ ಅಂತ ಬರ್ದವ್ರಾ? ನಿಜ್ವಾಗ್ಲೂ?" ಅಂತ ಎರಡು ಸಲ ಕೇಳಿದ್ರು.

ರಜ ಮುಗಿದು ಬ್ಯಾಂಕ್ ತೆರೆದ ದಿನ ಐದು ಜನ ಮಾಗಡಿಗೆ ಹೋದ್ವಿ. ಯಾವ ಬ್ಯಾಂಕು ಅಂತ ಬರೆಯಲ್ಲ. ಜನ ತುಂಬಿದ್ರು. ಕಾಯ್ತಾ ಕೂತಾಗ ಇಬ್ಬರು ಅಜ್ಜಂದಿರು ನಮ್ಮ ಕೈಗೆ ಚಲನ್ ಕೊಟ್ಟು "ತುಂಬ್ಕೊಡಪ್ಪ" ಅಂದ್ರು, ತುಂಬಿಕೊಟ್ವಿ. ನಮ್ಮ ಸರದಿ ಬಂತು. ಕೌಂಟರಿನವರು ಆಧಾರ್ ಕಾರ್ಡು ನೋಡಿ, ತಲೆ ಎತ್ತದೆ "ತಂದೆ ಬಂದಿದ್ದಾರಾ?" ಅಂದ್ರು. ಮಾತಾಡಬೇಕಾದವರು ನಾವು ಅಂತ ಮೊದಲೇ ಮಾತಾಗಿತ್ತು. ಕಾಲೇಜಲ್ಲಿ ಪ್ರೆಸೆಂಟೇಶನ್ ಕೊಟ್ಟು ಕೊಟ್ಟು ಅಭ್ಯಾಸ ಇರೋರು ನಾವೇ ತಾನೆ. "ಸರ್, ಆಕ್ಚುಲಿ, ಆರ್‌ಬಿಐ ಗೈಡ್‌ಲೈನ್ಸ್ ಪ್ರಕಾರ..." ಅಂತ ಶುರು ಮಾಡಿದ್ವಿ. "ನೀವ್ಯಾರು? ಏನಾಗ್ಬೇಕು ಇವರಿಗೆ?" ಅಂದ್ರು. ಬಾಯಿ ಕಟ್ಟಿಹೋಯ್ತು. "ತಂದೆ ಇಲ್ದೆ ಆಗಲ್ಲಮ್ಮ, ಮುಂದಿನವರು ಬನ್ನಿ" ಅಂದ್ರು.

ಅವ್ವ ಜಾಗ ಬಿಡಲಿಲ್ಲ. ಜೋರು ಮಾಡಲೂ ಇಲ್ಲ. "ಆಗಲ್ಲ ಅನ್ನದನ್ನ ಒಂದ್ ಚೀಟೀಲಿ ಬರ್ಕೊಟ್ಬುಡಿ ಸಾ. ನಮ್ ಹುಡುಗ್ರು ಓದ್ಕತಾರೆ" ಅಂದ್ರು. ಹಾಳೆಯನ್ನ ಗಾಜಿನ ಕೆಳಗಿನ ಸಂದಿಯಿಂದ ತಳ್ಳಿದ್ರು.

ಕೌಂಟರಿನವರು ಸ್ವಲ್ಪ ಹೊತ್ತು ಸುಮ್ಮನಿದ್ರು. ಹಾಳೆ ಓದಿದ್ರು. ಎದ್ದು ಒಳಗೆ ಹೋದ್ರು. ಅರ್ಧ ಗಂಟೆ ಆದಮೇಲೆ ಒಳಗಿನಿಂದ ಮೇಡಂ ಒಬ್ಬರು ಬಂದು ಅವ್ವನ್ನ ಕೂರಿಸಿ, ಮಗಳ ಹುಟ್ಟಿದ ದಿನದ ದಾಖಲೆ, ಇಬ್ಬರ ಆಧಾರು, ಫೋಟೊ ಎಲ್ಲ ನೋಡಿದ್ರು. ಪ್ಯಾನ್ ಇರಲಿಲ್ಲ, ಫಾರ್ಮ್ 60 ಅವರೇ ಕೊಟ್ರು. "ಮೊದಲೇ ಹೇಳಬಾರದಿತ್ತಾ" ಅಂದ್ರು. ಯಾರಿಗೆ ಅಂದ್ರೋ ಗೊತ್ತಾಗಲಿಲ್ಲ. ಹದಿನೆಂಟು ತುಂಬೋವರೆಗೆ ಎಟಿಎಂ ಕಾರ್ಡ್ ಕೊಡಲ್ಲ, ಅದು ನಮ್ಮ ಬ್ಯಾಂಕಿನ ನಿಯಮ ಅಂದ್ರು. ತಂಗಿಗೆ ಸಿಟ್ಟು ಬಂತು. ಆದ್ರೆ ಅದು ಅವರಿಗಿರೋ ಅಧಿಕಾರ, ಹಾಳೆಯಲ್ಲಿ ಅದನ್ನೂ ಬರೆದಿದ್ವಿ.

ಒಂದು ವೇಳೆ ಅವತ್ತು ಆಗದೇ ಇದ್ರೆ ಏನು ಮಾಡ್ತಿದ್ವಿ ಅನ್ನೋದನ್ನೂ ಹೇಳಿಬಿಡ್ತೀವಿ, ನಿಮಗೆ ಬೇಕಾಗಬಹುದು. ಮೊದಲು ಶಾಖೆಗೇ ಅರ್ಜಿ ಬರೆದುಕೊಟ್ಟು, ನಕಲಿನ ಮೇಲೆ ಸೀಲು, ತಾರೀಕು ಹಾಕಿಸ್ಕೋಬೇಕು. ಮೂವತ್ತು ದಿನದಲ್ಲಿ ಉತ್ತರ ಬರಲಿಲ್ಲ, ಅಥವಾ ಬಂದ ಉತ್ತರ ಸರಿ ಇಲ್ಲ ಅಂದ್ರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು. ಸಿಎಂಎಸ್ ಪೋರ್ಟಲ್‌ನಲ್ಲಿ ಹಾಕಬಹುದು, ಫೀಸ್ ಇಲ್ಲ, ವಕೀಲರು ಬೇಕಿಲ್ಲ. ಮಾಹಿತಿಗೆ 14448 ನಂಬರಿಗೆ ಫೋನ್ ಮಾಡಬಹುದು. ಬರೀ ಬಾಯಿಮಾತಿದ್ರೆ ಅಲ್ಲಿ ತೋರಿಸೋಕೆ ಏನೂ ಇರಲ್ಲ. ಚೀಟಿ ಕೇಳೋದು ಅದಕ್ಕೇ.

ಮುಂದಿನ ವಾರ ಕ್ಲಾಸಲ್ಲಿದ್ದಾಗ ತಂಗಿ ಪಾಸ್‌ಬುಕ್ಕಿನ ಫೋಟೊ ಕಳಿಸಿದ್ದಳು. ಮೊದಲನೇ ಸಾಲಿನಲ್ಲಿ 500 ರೂಪಾಯಿ ಜಮಾ, ಅಜ್ಜಿ ಕೊಟ್ಟದ್ದು. ಮೇಲೆ ಅವಳ ಹೆಸರು, ಗಾರ್ಡಿಯನ್ ಅನ್ನೋ ಜಾಗದಲ್ಲಿ ಅವ್ವನ ಹೆಸರು. ಅವ್ವನ ಹೆಸರಲ್ಲಿ ಒಂದು ಅಕ್ಷರ ತಪ್ಪು ಬಿದ್ದಿತ್ತು. ಸರಿ ಮಾಡಿಸೋಕೆ ಅವರಿಬ್ಬರೇ ಹೋಗಿ ಬಂದ್ರಂತೆ, ನಮ್ಮನ್ನ ಯಾರೂ ಕರೆಯಲಿಲ್ಲ.

ಕಲ್ಯದವನ ನೋಟ್‌ಬುಕ್ಕಿನ ಕೊನೇ ಪುಟ ಇನ್ನೂ ಇದೆ. 2,400ರ ಮುಂದೆ ‘ಬಂತು’ ಅಂತ ಬರೆದು, ಪಕ್ಕದಲ್ಲಿ ‘ಒಂದು ದಿನ ತಡ’ ಅಂತಲೂ ಬರೆದಿದ್ದಾನೆ. ಅದನ್ನ ಹೊಡೆದುಹಾಕು ಅಂತ ನಾವು ಕೇಳಿಲ್ಲ. ಆ ಕನ್ನಡ ಹಾಳೆಯ ನಕಲುಗಳು ಕನ್ನಡ ಸಂಘದ ರೂಮಿನಲ್ಲಿ, ಬಾಗಿಲ ಪಕ್ಕದ ಕಪಾಟಿನಲ್ಲಿ ಇವೆ. ಈ ಸಲ ರಜಕ್ಕೆ ಊರಿಗೆ ಹೋಗೋರು ಒಂದೊಂದು ತಗೊಂಡು ಹೋಗಿ. ತಪ್ಪು ಕಂಡ್ರೆ ತಿದ್ದಿ ವಾಪಸ್ ತನ್ನಿ.